ಭಾವನ ಇಂಜಿನ್ನಿಗೆ ಬಾಳೆಲೆ ಊಟ

ನನ್ನ ಭಾವನಿಗೆ ಬುದ್ಧಿ ಇಲ್ಲ ಎಂದು ಊರವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬುದ್ಧಿ ಇದೆ. ಅದನ್ನು ಅವರು ಯಾವತ್ತೋ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ಎಲ್ಲೋ ಇಟ್ಟಿದ್ದಾರೆ. ಎಲ್ಲಿ ಎಂಬುದು ಮರೆತುಹೋಗಿದೆ, ಅಷ್ಟೇ! ಹುಡುಕಿದರೆ ಸಿಕ್ಕೀತು ಎಂದು ನಾನೂ ಒಂದೆರಡು ಸಲ ಹುಡುಕಿದ್ದೇನೆ. ಸ್ಪಾನರು ಸಿಕ್ಕಿತು, ಹರಿದ ಬೆಲ್ಟು ಸಿಕ್ಕಿತು, ಗ್ರೀಸಿನ ಡಬ್ಬಿಯೊಳಗೆ ಅಕ್ಕನ ಬೆಳ್ಳಿ ಚಮಚವೂ ಸಿಕ್ಕಿತು. ಬುದ್ಧಿ ಮಾತ್ರ ಸಿಕ್ಕಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಹೆಮ್ಮಾಡಿ ಬಸ್‌ಸ್ಟಾಪಿನಲ್ಲಿ ನನ್ನನ್ನು ತಡೆದು ನಿಲ್ಲಿಸಿ, "ಎಂತ ಬರ್ದದ್ದ್ ನೀನ್?" ಎಂದು ಕೇಳುತ್ತಾರೆ. ಅದಕ್ಕೆ ನನಗೆ ಹೆದರಿಕೆ ಇಲ್ಲ. ಕೇಳಿದ ಮೇಲೆ, ಬಸ್ಸು ಬರುವ ತನಕ ಕಾರ್ಬೊರೇಟರ್ ಎಂದರೇನು ಎಂದು ವಿವರಿಸುತ್ತಾರಲ್ಲ, ಅದಕ್ಕೆ ಹೆದರಿಕೆ.

ಮೀಸೆ ಸರಿಯಾಗಿ ಮೂಡುವ ಮೊದಲೇ ಮುಂಬೈಗೆ ಹೋಗಿ ಹೋಟೆಲು ಸೇರಿದವರು ಅವರು. ಮೊದಲು ಲೋಟ ತೊಳೆದರು, ಆಮೇಲೆ ಬಡಿಸಿದರು, ಕಡೆಗೆ ಗಲ್ಲಾದಲ್ಲಿ ಕೂತರು. ಮದುವೆಯಾದದ್ದು ಊರಿನಲ್ಲಿ. ಅಕ್ಕನನ್ನು ಹೆಮ್ಮಾಡಿಯ ಮನೆಯಲ್ಲಿ ಇಟ್ಟು, ತಾನು ಮುಂಬೈ ರೈಲು ಹತ್ತಿದರು. ವರ್ಷಕ್ಕೊಮ್ಮೆ ರಜೆಯಲ್ಲಿ ಬರುವುದು. ಒಂದು ಸೀರೆ, ಒಂದು ಡಬ್ಬಿ ಹಲ್ವ, ಒಂದು ಭರವಸೆ ಕೊಟ್ಟು ಹೋಗುವುದು. ಸೀರೆ ಹರಿಯಿತು, ಹಲ್ವ ಮುಗಿಯಿತು. ಭರವಸೆ ಮಾತ್ರ ಮಡಿಕೆ ಬಿಚ್ಚದೆ ಹಾಗೇ ಉಳಿಯಿತು!

ಏನು ಆ ಭರವಸೆ? "ನಮ್ದೇ ಕಾರಂಗೆ ನಿನ್ನ ಮರವಂತೆಗೆ ಕರ್ಕಂಡ್ ಹೋತೆ." ಕಾಶಿಯಲ್ಲ, ರಾಮೇಶ್ವರವಲ್ಲ, ಮರವಂತೆ! ಹೆಮ್ಮಾಡಿಯಲ್ಲಿ ಬಸ್ಸು ಹತ್ತಿ, ಕಂಡಕ್ಟರು ಚಿಲ್ಲರೆ ಕೊಡುವುದರೊಳಗೆ ಬರುವ ಊರು. ಅಷ್ಟನ್ನೂ ಮಾಡಲಿಲ್ಲ ಮಹಾನುಭಾವ. ಒಂದು ರಜೆಯಲ್ಲಿ ಮಳೆ, ಇನ್ನೊಂದರಲ್ಲಿ ಯಾರದೋ ಮದುವೆ, ಮತ್ತೊಂದರಲ್ಲಿ "ಬಪ್ಪು ವರ್ಷ ಖಂಡಿತ." ಅಕ್ಕ ಒಂದು ಸಲವೂ ಕೇಳಿದವಳಲ್ಲ. ಆದರೆ ನಾವಿಬ್ಬರೂ ಬಸ್ಸಿನಲ್ಲಿ ಬೈಂದೂರಿಗೆ ಹೋಗುವಾಗ, ತ್ರಾಸಿ ದಾಟಿದ್ದೇ ಅವಳು ಹೊರಗೆ ನೋಡುವುದನ್ನು ಬಿಟ್ಟು ಮಡಿಲಲ್ಲಿದ್ದ ಚೀಲವನ್ನು ನೋಡುತ್ತ ಕೂರುತ್ತಿದ್ದಳು. ಒಂದು ಪಕ್ಕದಲ್ಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಹೊಳೆ, ಪರ ಊರಿನವರು ಕಾರು ನಿಲ್ಲಿಸಿ ಫೋಟೋ ತೆಗೆಯುವ ಜಾಗ. ನನ್ನ ಅಕ್ಕ ಚೀಲ ನೋಡುತ್ತಿದ್ದಳು! ಈ ಒಂದು ಕಾರಣಕ್ಕೆ ನಾನು ಭಾವನನ್ನು ಕ್ಷಮಿಸಿಲ್ಲ. ಓದುವವರು ಇದನ್ನು ನೆನಪಿಟ್ಟುಕೊಂಡರೆ ಮುಂದಿನ ನನ್ನ ಬಾಯಿಜೋರು ಸ್ವಲ್ಪ ಅರ್ಥವಾಗುತ್ತದೆ.

ಅಂತೂ ಹೋಟೆಲು ಬಿಟ್ಟು ಊರಿಗೆ ಬಂದರು. ಬಂದ ಮೇಲೆ ಗಂಡಹೆಂಡತಿ ಒಂದೇ ಮನೆಯಲ್ಲಿ ಇದ್ದಾರೆ ಎನ್ನುವುದೊಂದೇ ಬದಲಾವಣೆ. ಮಾತು? "ಕಾಪಿ ಆಯ್ತ್." "ಹ್ಞೂಂ." "ಉಂಬುಕ್ ಬನಿ." "ಬಂದೆ." ಬಸ್‌ಸ್ಟಾಪಿನಲ್ಲಿ ಗುರುತಿಲ್ಲದ ಇಬ್ಬರು ನಿಂತರೆ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ. ಆಡಲು ವಿಷಯವಾದರೂ ಏನಿತ್ತು ಪಾಪ? ಅವರಿಗೆ ಇಲ್ಲಿನದ್ದು ಗೊತ್ತಿಲ್ಲ, ಇವಳಿಗೆ ಅಲ್ಲಿನದ್ದು ಗೊತ್ತಿಲ್ಲ.

ಆಗ ಬಂತು ಕಾರು.

ಒಂದು ದಿನ ಟಾರ್ಪಾಲು ಹೊದೆಸಿದ ಲಾರಿಯೊಂದು ಹೆದ್ದಾರಿಯಿಂದ ಇಳಿದು ಮನೆಯ ಅಂಗಳಕ್ಕೆ ಬಂತು. ಟಾರ್ಪಾಲು ಬಿಚ್ಚಿದರೆ ಒಳಗೆ ಕೆಂಪು ಬಣ್ಣದ, ತಲೆಯ ಮೇಲೆ ಸೂರಿಲ್ಲದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಒಂದು ಇಂಗ್ಲಿಷ್ ಕಾರು. ಸ್ಪೋರ್ಟ್ಸ್ ಕಾರಂತೆ! ಭಾವ ಹುಟ್ಟಿದ ಕಾಲದ್ದು. ಹೋಟೆಲಿಗೆ ದಿನಾ ಬೆಳಿಗ್ಗೆ ಇಡ್ಲಿ ತಿನ್ನಲು ಬರುತ್ತಿದ್ದ ಮುದುಕರೊಬ್ಬರು ಮಗಳ ಜೊತೆ ವಿದೇಶಕ್ಕೆ ಹೋಗುವಾಗ, ಗುಜರಿಗೆ ಹಾಕಲು ಮನಸ್ಸು ಬಾರದೆ ಇವರ ಕೈಗೆ ಕೀಲಿ ಕೊಟ್ಟು ಹೋದದ್ದು. ಓಡುವ ಕಾರನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಈ ಪ್ರಶ್ನೆ ಹುಟ್ಟಬೇಕಾದ ಜಾಗವನ್ನು ಭಾವ ಬಿಚ್ಚಿ ಎಲ್ಲೋ ಇಟ್ಟು ಮರೆತಿದ್ದಾರೆ ಎಂದು ಮೊದಲೇ ಹೇಳಿದ್ದೇನೆ.

ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ ಕೂಗಿ ಕೇಳಿದರು. "ಹ್ವಾಯ್, ಇದೆಂತ ಮಾರ್ರೆ, ದೋಣಿಯಾ?"

"ಕಾರ್! ಸ್ಪೋರ್ಟ್ಸ್ ಕಾರ್!"

"ಹೌದಾ? ಓಡ್ತಾ?"

"ಇಂಜಿನ್ ಒಂದ್ ಕೆಲ್ಸ ಇತ್ತ್."

ಇಂಜಿನ್ 'ಒಂದು' ಕೆಲಸ! ನದಿಯಲ್ಲಿ 'ಒಂದಿಷ್ಟು' ನೀರಿದೆ ಎಂದ ಹಾಗೆ. ಒಳಗೆ ಪಿಸ್ಟನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡು ಕೂತಿದ್ದವು. ಕುಂದಾಪುರದ ಗ್ಯಾರೇಜಿಗೆ ಕೊಡಿ ಎಂದೆ ನಾನು. "ಗ್ಯಾರೇಜಿಗ್ ಕೊಟ್ರೆ ಹಾಳ್ ಮಾಡ್ತ್ರ್. ನಾನೇ ಬಿಚ್ತೆ," ಎಂದರು. ಹಾಳು ಮಾಡುವ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಲು ಅವರಿಗೆ ಇಷ್ಟವಿರಲಿಲ್ಲ. ಮೊಬೈಲಿನಲ್ಲಿ ಯಾರೋ ಬಿಳಿ ಗಡ್ಡದ ಇಂಗ್ಲಿಷಿನವನು ತನ್ನ ಮನೆಯ ಶೆಡ್ಡಿನಲ್ಲಿ ಇಂಥದೇ ಇಂಜಿನ್ ತೆಗೆಯುವ ವಿಡಿಯೋ ಇತ್ತು. ಭಾವ ಅದನ್ನು ಪಾರಾಯಣ ಮಾಡತೊಡಗಿದರು.

ಆ ಭಾನುವಾರ ಅಕ್ಕ ಅಡುಗೆಮನೆಯಲ್ಲಿ ನನ್ನ ಬಳಿ ಮೆಲ್ಲಗೆ ಹೇಳಿದಳು. "ಕಾರ್ ಹೊರ್ಟ್ರೆ ಮರವಂತೆಗ್ ಹೋತೆ. ಈ ಸಲವೂ ಹೊರಡ್ದಿರೆ, ಇನ್ನ್ ಆ ಸುದ್ದಿ ಬ್ಯಾಡ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಕ್ಕ ಒಂದು ವಿಷಯವನ್ನು ಬೇಡ ಎಂದು ಬಿಟ್ಟರೆ ಮತ್ತೆ ಅತ್ತ ತಿರುಗುವವಳಲ್ಲ ಎಂಬುದು ನನಗೆ ಗೊತ್ತು. ಅಂದಿನಿಂದ ನಾನು, ಬ್ರಹ್ಮಾವರದ ಹೈಸ್ಕೂಲಿನಲ್ಲಿ ಪಾಠ ಮಾಡುವ ಗೃಹಸ್ಥೆ, ಭಾನುವಾರ ಬಂತೆಂದರೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಹೆಮ್ಮಾಡಿಗೆ ಬಂದು ಆ ಇಂಜಿನ್ನಿನ ಯೋಗಕ್ಷೇಮ ವಿಚಾರಿಸುವುದೇ ಹಣೆಬರಹವಾಯಿತು.

ಇಂಜಿನ್ ತೆಗೆಯುವ ದಿನದ ವೈಭವವನ್ನು ಹೇಗೆ ಹೇಳಲಿ? ಇಂಗ್ಲಿಷಿನವನ ಬಳಿ ಇಂಜಿನ್ ಎತ್ತುವ ಕ್ರೇನು ಇತ್ತು. ಭಾವನ ಬಳಿ ಅಂಗಳದ ಮಾವಿನಮರ ಇತ್ತು. ಕೊಂಬೆಗೆ ಎರಡು ಕಬ್ಬಿಣದ ರಾಟೆ ಕಟ್ಟಿ, ದೋಣಿಗೆ ಬಳಸುವ ದಪ್ಪ ಹಗ್ಗ ಹಾಕಿ, ಎಳೆಯಲು ಜನ ಬೇಕಲ್ಲ ಎಂದು ತ್ರಾಸಿಯಿಂದ ದೋಣಿ ಎಳೆಯುವವರನ್ನು ಕರೆಸಿದರು. ಎಳೆಯುವುದರಲ್ಲಿ ಅವರನ್ನು ಮೀರಿಸುವವರು ಯಾರು? "ಐಸಾ" ಎಂದರು, ಬೆನ್ನು ತಿರುಗಿಸಿ ಹಗ್ಗವನ್ನು ಹೆಗಲಿಗೆ ಹಾಕಿ ಹೊರಟೇಬಿಟ್ಟರು. ಇಂಜಿನ್ ಎದ್ದಿತು. ಭಾವ ಕೈ ಎತ್ತಿ, "ಮೆಲ್ಲ, ಮೆಲ್ಲ," ಎಂದರು. ಇಂಜಿನ್ ಇನ್ನೂ ಎದ್ದಿತು. ಇಂಜಿನ್ ಜೊತೆಗೆ ಕಾರೂ ಎದ್ದಿತು! ಮುಂದಿನ ಎರಡು ಚಕ್ರಗಳು ನೆಲ ಬಿಟ್ಟವು.

"ನಿಲ್ಸಿ ಮಾರ್ರೆ, ನಿಲ್ಸಿ!" ಭಾವ ಕುಣಿದರು.

ಅವರು ನಿಲ್ಲಿಸಲಿಲ್ಲ. ಎಳೆಯಲು ಶುರುಮಾಡಿದ ದೋಣಿಯನ್ನು ನಡುವೆ ನಿಲ್ಲಿಸುವ ಕ್ರಮ ಅವರಲ್ಲಿ ಇಲ್ಲ. ನಿಲ್ಲಿಸಿದರೆ ಮುಂದಿನ ತೆರೆ ದೋಣಿಯನ್ನು ವಾಪಸು ಕಡಲಿಗೆ ಎಳೆದುಕೊಳ್ಳುತ್ತದೆ. ಮುಂದಾಳು ತಿರುಗದೆಯೇ ಕೂಗಿದ. "ಅರ್ಧಕ್ಕ್ ನಿಲ್ಸುಕಾಗ ಭಟ್ರೆ, ತೆರಿ ಬತ್ತ್!" ಹೆಮ್ಮಾಡಿಯ ಅಂಗಳದಲ್ಲಿ ತೆರೆ! ಕೊಟ್ಟಿಗೆಯ ಗೋಡೆ ಅಡ್ಡ ಬಂದ ಮೇಲೆಯೇ ಅವರು ನಿಂತದ್ದು. ಅಷ್ಟು ಹೊತ್ತಿಗೆ ಕಾರು ಮುಂಗಾಲೆತ್ತಿ ಮಾವಿನಕಾಯಿಗೆ ಬಾಯಿ ಹಾಕುವಂತೆ ನಿಂತಿತ್ತು. ಮುಂದಾಳು ಬೆವರು ಒರೆಸಿಕೊಂಡು ಹಿಂದೆ ತಿರುಗಿ ನೋಡಿ, ಬಹಳ ಸೌಜನ್ಯದಿಂದ ಕೇಳಿದ. "ಇನ್ನೂ ಎಳೀಕಾ?"

ಭಾವ ಕಾರಿನ ಕೆಳಗೆ ಬಗ್ಗಿ ನೋಡಿ ಎದ್ದರು. "ಒಂದ್ ಬೋಲ್ಟ್ ಬಿಚ್ಚುಕ್ ಮರ್ತ್ ಹೋಯ್ತ್," ಎಂದರು. ಗಡ್ಡದ ಇಂಗ್ಲಿಷಿನವನು ಆ ಬೋಲ್ಟಿನ ವಿಷಯ ಹೇಳುವಾಗ ಇವರಿಗೆ ಫೋನು ಬಂದಿತ್ತಂತೆ!

ಅಂತೂ ಇಂಜಿನ್ ಹೊರಗೆ ಬಂತು. ಚಾವಡಿಯ ಎದುರು ಕೂತು ಭಾವ ಅದನ್ನು ಬಡಿದು ಸಡಿಲಿಸಿ ಬಿಚ್ಚತೊಡಗಿದರು. ಬಿಚ್ಚಿದ್ದನ್ನು ಅದೇ ಜಾಗಕ್ಕೆ ಜೋಡಿಸಬೇಕಂತೆ. ಈ ತೂತಿನ ವಾಲ್ವು ಆ ತೂತಿಗೆ ಹೋಗಬಾರದಂತೆ. ಹಾಗಾದರೆ ನಂಬರು ಬರೆದಿಡಿ ಎಂದೆ. ಭಾವ ನನ್ನನ್ನು ಕರುಣೆಯಿಂದ ನೋಡಿದರು. "ಬಡ್ಸಿದವ್ನಿಗ್ ನಂಬರ್ ಎಂತಕೆ ಮಾರಾಯ್ತಿ?" ತೋಟಕ್ಕೆ ಹೋಗಿ ನಾಲ್ಕು ಕುಡಿ ಬಾಳೆಲೆ ಕೊಯ್ದು ತಂದರು. ಒಂದೊಂದು ಸಿಲಿಂಡರಿಗೆ ಒಂದೊಂದು ಎಲೆ. ಎಡ ತುದಿಯಲ್ಲಿ ಉಪ್ಪು ಹಾಕುವ ಜಾಗಕ್ಕೆ ವಾಷರು, ಉಪ್ಪಿನಕಾಯಿಯ ಜಾಗಕ್ಕೆ ವಾಲ್ವು ಹಿಡಿದಿಡುವ ಉಗುರಿನಷ್ಟು ಸಣ್ಣ ಲಾಕುಗಳು, ಕೋಸಂಬರಿಗೆ ಸ್ಪ್ರಿಂಗು, ಪಲ್ಯಕ್ಕೆ ವಾಲ್ವು, ನಡುವೆ ಅನ್ನದ ಗುಡ್ಡೆಯ ಹಾಗೆ ಪಿಸ್ಟನ್ನು. ಎಷ್ಟೋ ಮದುವೆ ಊಟ ಬಡಿಸಿದ ಕೈ; ಕಣ್ಣು ಮುಚ್ಚಿಯೂ ಎಲೆಯ ಮೇಲೆ ಏನು ಎಲ್ಲಿ ಎಂದು ಹೇಳಬಲ್ಲೆ ಎಂಬ ಜಂಬ. ನಾಲ್ಕು ಎಲೆಯೂ ತುಂಬಿದವು. ಕಿರಾಣಿ ಅಂಗಡಿಯವರು ಹಾದು ಹೋಗುವಾಗ ಇಣುಕಿ, "ಬಡ್ಸಿ ಆಯ್ತಾ? ನಾವ್ ಕೂಕಂಬುದಾ?" ಎಂದು ಕೇಳಿ ಹೋದರು. ಭಾವ ಅದಕ್ಕೂ ನಕ್ಕು, ಕೈ ತೊಳೆಯಲು ಬಾವಿಕಟ್ಟೆಗೆ ಹೋದರು.

ಮೊದಲ ಪಂಕ್ತಿಗೆ ದನ ಬಂತು!

ಅದರದ್ದೇನು ತಪ್ಪು? ಹಸಿ ಬಾಳೆಲೆ, ಅದೂ ಕುಡಿ ಎಲೆ, ಸಾಲಾಗಿ ಹಾಕಿಟ್ಟಿದ್ದಾರೆ. ಹಗ್ಗ ಬಿಚ್ಚಿಕೊಂಡು ಬಂದು ಶಿಸ್ತಿನಿಂದ ಒಂದು ತುದಿಯಿಂದ ಊಟ ಶುರುಮಾಡಿತು. ಪಿಸ್ಟನ್ನುಗಳನ್ನು ಮೂತಿಯಲ್ಲಿ ಬದಿಗೆ ತಳ್ಳಿತು, ವಾಲ್ವುಗಳನ್ನು ಕಾಲಲ್ಲಿ ಒತ್ತರಿಸಿತು, ಎಲೆಯನ್ನಷ್ಟೇ ತಿಂದಿತು. ಭಾವ ಬಂದಾಗ ಅದು ನಾಲ್ಕನೆಯ ಎಲೆಯ ದಂಟು ಅಗಿಯುತ್ತ ಸಂತೃಪ್ತಿಯಿಂದ ಅವರ ಮುಖ ನೋಡಿತು. ಎಲೆಯ ಜೊತೆ ಕ್ರಮವೂ ಅದರ ಹೊಟ್ಟೆ ಸೇರಿತ್ತು. ಯಾವ ವಾಲ್ವು ಯಾವ ತೂತಿನದ್ದು ಎಂದು ಈಗ ಹೇಳಬಲ್ಲವರು ಯಾರು? ಭಾವ ಕಣ್ಣು ಮುಚ್ಚಿ ನೋಡಿದರು, ತೆರೆದು ನೋಡಿದರು. ಎಲ್ಲ ಒಂದೇ ತರ ಕಾಣುತ್ತಿತ್ತು.

ನಾನು ನಗುವುದಕ್ಕೆಂದೇ ಕಂಬ ಹಿಡಿದು ನಿಂತೆ. ಅಕ್ಕ ಒಳಗಿನಿಂದ ಬಂದು, ಅಂಗಳ ನೋಡಿ, ದನದ ಹಗ್ಗ ಹಿಡಿದುಕೊಂಡು ಹೇಳಿದಳು. "ಪಾಪ, ಅದ್ಕೆಂತ ಗೊತ್ತ್? ಎಲಿ ಹಾಕಿದ್ ಕಂಡ್ ಊಟ ಅಂದೇಳಿ ಬಂತ್." 'ಪಾಪ' ಎಂದದ್ದು ದನಕ್ಕೋ ಗಂಡನಿಗೋ ಎಂದು ನಾನು ಕೇಳಲಿಲ್ಲ. ಭಾವ ಮಾತ್ರ ಆ ದಿನ ಉಣ್ಣಲಿಲ್ಲ. ಕತ್ತಲಾಗುವ ತನಕ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮಣ್ಣಿನಿಂದ ಒಂದೊಂದೇ ಲಾಕು ಹೆಕ್ಕಿದರು. ಆಗಲಿ, ಅನುಭವಿಸಲಿ ಎಂದು ನಾನು ಬಸ್ಸು ಹತ್ತಿದೆ.

ಮಳೆ ಹಿಡಿಯಿತು. ಇಂಜಿನ್ ಚಾವಡಿಗೆ ಬಂತು. ತುಕ್ಕು ಹಿಡಿದ ಭಾಗಗಳಿಗೆಲ್ಲ ಭಾವ ಬಿಸಿ ತೆಂಗಿನೆಣ್ಣೆ ಸುರಿಯುತ್ತಿದ್ದರು, ಹೊರಗಿನಿಂದ ಬಂದವರು ಮೂಗರಳಿಸಿ, "ಎಂತ ಕರಿತಿದ್ರಿ?" ಎಂದು ಕೇಳುವಂತಾಯಿತು. ಕ್ರಮ ತಪ್ಪಿದ ವಾಲ್ವುಗಳನ್ನು ಈಗ ಒಂದೊಂದನ್ನೂ ಅರೆದು ಅದರದರ ಕುಳಿಗೆ ಹೊಸದಾಗಿ ಕೂರಿಸಬೇಕು. ಅದಕ್ಕೆ ತುದಿಯಲ್ಲಿ ರಬ್ಬರಿನ ಬಟ್ಟಲಿರುವ ಒಂದು ಕೋಲು. ಬಟ್ಟಲನ್ನು ವಾಲ್ವಿಗೆ ಅಂಟಿಸಿ, ಮರಳಿನಂಥ ಪೇಸ್ಟು ಹಚ್ಚಿ, ಕೋಲನ್ನು ಎರಡು ಅಂಗೈ ನಡುವೆ ಇಟ್ಟು ತಿರುಗಿಸುತ್ತಿರಬೇಕು. ಭಾವ ತಿರುಗಿಸುತ್ತಿದ್ದರು. ಕೋಲು ಒಂದು ಕಡೆ, ವಾಲ್ವು ಒಂದು ಕಡೆ, ಭಾವ ಒಂದು ಕಡೆ.

ಒಂದು ಭಾನುವಾರ ಛತ್ರಿ ಮಡಿಸಿ ಚಾವಡಿಗೆ ಹತ್ತುತ್ತೇನೆ, ಇಂಜಿನ್ನಿನ ಎದುರು ಕೂತದ್ದು ಭಾವನಲ್ಲ, ಅಕ್ಕ! ಸೆರಗು ಸೊಂಟಕ್ಕೆ ಬಿಗಿದು, ಕೋಲು ತಿರುಗಿಸುತ್ತಿದ್ದಾಳೆ. ಸರಸರ, ಸರಸರ, ಒಂದೇ ಲಯ. ಆದದ್ದು ಇಷ್ಟೇ. ಮಜ್ಜಿಗೆ ಕಡೆದು ಹೊರಗೆ ಬಂದವಳು, ಗಂಡ ಕೋಲು ತಿರುಗಿಸುವ ಚಂದ ನೋಡಿ ತಡೆಯಲಾರದೆ, "ಹ್ವಾಯ್, ಹಾಂಗ್ ತಿರ್ಗ್ಸಿರೆ ಬೆಣ್ಣಿ ಬತ್ತಿಲ್ಲೆ. ಇಲ್ ಕೊಡಿ," ಎಂದು ಕಸಿದುಕೊಂಡಿದ್ದಳಂತೆ. ಭಾವ ಪಕ್ಕದಲ್ಲಿ ಮಣೆ ಹಾಕಿ ಕೂತು ಪೇಸ್ಟು ಹಚ್ಚಿಕೊಡುತ್ತಿದ್ದರು.

"ಇನ್ನೂ ಮಾಡ್ಕಾ?"

"ಇನ್ನ್ ಚೂರ್."

"ಈಗ?"

"ಈಗ ಆಯ್ತ್ ಕಾಣ್. ಬೆಳ್ಳಿ ಕಂಡಾಂಗ್ ಕಾಣತ್."

ಅಷ್ಟು ಮಾತು ಆ ಮನೆಯಲ್ಲಿ ಒಂದೇ ಕಂತಿನಲ್ಲಿ ಆದದ್ದನ್ನು ನಾನು ಕೇಳಿರಲೇ ಇಲ್ಲ. ಸಂತೋಷವಾಯಿತೇ? ಇಲ್ಲ! ಉರಿ ಹತ್ತಿತು. ಕೈಯೆಲ್ಲ ಕಪ್ಪು ಮಾಡಿಕೊಂಡು ಕೂತ ಅಕ್ಕನನ್ನು ಕಂಡು, "ಅಕ್ಕ, ನಿಂಗೂ ಹಿಡಿತಾ ಈ ಹುಚ್ಚ್?" ಎಂದೆ. ಅವಳು ತಲೆ ಎತ್ತದೆ, "ಎಂತ ಮಾಡುದ್? ಅವ್ರಿಗ್ ಬತ್ತಿಲ್ಲೆ," ಎಂದಳು. ಜನ್ಮವಿಡೀ ಒಬ್ಬಳೇ ದುಡಿದವಳು, ಈಗ ಈ ಮನುಷ್ಯನ ಹುಚ್ಚಿಗೂ ಇವಳೇ ದುಡಿಯಬೇಕೇ! ನಾನು ಅಂದು ಅವರಿಬ್ಬರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ.

ನವರಾತ್ರಿ ಕಳೆದ ಮೇಲೆ ಇಂಜಿನ್ ವಾಪಸು ಕಾರಿನೊಳಗೆ ಇಳಿಯಿತು. ಎಲ್ಲ ಜೋಡಿಸಿ ಆದ ಮೇಲೆ ಚಾವಡಿಯಲ್ಲಿ ಎರಡು ಬೋಲ್ಟು, ಒಂದು ಸ್ಪ್ರಿಂಗು, ಹೆಸರಿಲ್ಲದ ಒಂದು ಕಬ್ಬಿಣದ ಬಳೆ ಉಳಿದವು. "ಇದೆಲ್ಲ ಎಲ್ಲಿಯದ್ ಭಾವ?" ಎಂದು ಕೇಳಿದೆ.

"ಹೆಚ್ಚಿಗಿ ಹಾಕಿದ್ರ್ ಅವ್ರ್," ಎಂದರು ಗಂಭೀರವಾಗಿ. "ಆಗಳಿನವ್ರ್ ಹಾಂಗೆ. ಗಟ್ಟಿ ಇರ್ಲಿ ಅಂದೇಳಿ ಹಾಕ್ತಿದ್ರ್."

ಕೀಲಿ ತಿರುಗಿಸಿದರು. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ಮಾವಿನಮರದ ಕಾಗೆಗಳೆಲ್ಲ ಎದ್ದು ಹೋದವು. ಆಮೇಲೆ ಕಿವಿ ಹರಿಯುವ ಸದ್ದು ಮಾಡಿ ಇಂಜಿನ್ ಹೊರಟೇಬಿಟ್ಟಿತು! ಅಂಗಳವೆಲ್ಲ ತೆಂಗಿನೆಣ್ಣೆಯಲ್ಲಿ ಹಪ್ಪಳ ಕರಿದ ಪರಿಮಳ. ಭಾವನ ಮುಖ ನೋಡಬೇಕಿತ್ತು. ನಾನು ನೋಡಲಿಲ್ಲ. ಅಕ್ಕನನ್ನು ನೋಡಿದೆ. ಅವಳು ಒಳಗೆ ಹೋಗಿ, ಮದುವೆಮನೆಗಳಿಗೆಂದು ತೆಗೆದಿಟ್ಟ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. ಇವಳು ನಂಬಿಬಿಟ್ಟಿದ್ದಾಳಲ್ಲ! ನಡುದಾರಿಯಲ್ಲಿ ಈ ಡಬ್ಬ ಕೆಟ್ಟು ನಿಂತರೆ ಇವಳ ಗತಿ ಏನು?

ಕಾರಿಗೆ ಎರಡೇ ಸೀಟು. ನಾನು ಆಟೋ ಮಾಡಿಕೊಂಡು ಹಿಂದೆ ಹೊರಟೆ. ಕಾರು ಕೆಟ್ಟಿತೋ, ಭಾವ ಬಾನೆಟ್ಟಿನೊಳಗೆ ತಲೆ ಹಾಕುತ್ತಾರೆ, ಲೋಕ ಮರೆಯುತ್ತಾರೆ. ಮಲ್ಲಿಗೆ ಮುಡಿದ ಅಕ್ಕ ಹೆದ್ದಾರಿಯ ಬದಿಯಲ್ಲಿ ನಿಂತು ಹೋಗುವ ಬರುವ ಲಾರಿ ನೋಡುತ್ತಿರಬೇಕು. ಅವಳನ್ನು ಮನೆಗೆ ತರುವವರು ಯಾರು? ಹೇಳಲು ಸ್ಪೋರ್ಟ್ಸ್ ಕಾರು. ಮುಳ್ಳಿಕಟ್ಟೆಯ ತನಕ ನಮ್ಮ ಆಟೋದವನು ಅದರ ಹಿಂದೆ ಉಳಿಯಲು ಬ್ರೇಕು ಹಾಕಿ ಹಾಕಿ ಸೋತ. ಮೀನಿನ ಬುಟ್ಟಿ ಕಟ್ಟಿಕೊಂಡ ಸ್ಕೂಟರೊಂದು ಅದನ್ನು ಹಿಂದೆ ಹಾಕಿ ಹೋಯಿತು. ತ್ರಾಸಿ ದಾಟಿತು. ನಾನು ಮುಂದೆ ಬಗ್ಗಿ ನೋಡುತ್ತಿದ್ದೆ, ಅಕ್ಕ ಹೊರಗೆ ನೋಡುತ್ತಾಳೋ ಇಲ್ಲವೋ ಎಂದು. ಅಷ್ಟರಲ್ಲಿ ಎದುರಿಗೆ ಹೊಗೆ. ಮರವಂತೆಯಲ್ಲಿ, ಸಮುದ್ರಕ್ಕೂ ಹೊಳೆಗೂ ನಡುವೆ, ಕಾರು ರಸ್ತೆಯ ಬದಿಗೆ ಸರಿದು ನಿಂತುಬಿಟ್ಟಿತು.

ನನಗೆ ಗೊತ್ತಿತ್ತು! ಆಟೋ ಇಳಿದೆ. ಬ್ರಹ್ಮಾವರದಿಂದ ಬರುವ ದಾರಿಯುದ್ದಕ್ಕೂ ಕಟ್ಟಿಟ್ಟುಕೊಂಡ ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಇವತ್ತು ಹೇಳಿಯೇ ಬಿಡುತ್ತೇನೆ, ಅಕ್ಕನ ಎದುರೇ ಹೇಳುತ್ತೇನೆ ಎಂದುಕೊಂಡು ಬಿರಬಿರನೆ ನಡೆದೆ.

ಬಾನೆಟ್ ಮುಚ್ಚಿಯೇ ಇತ್ತು. ಭಾವ ಕೆಳಗೆ ಇಳಿದಿರಲಿಲ್ಲ. ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತಿದ್ದರೂ ಅವರು ಅತ್ತ ನೋಡುತ್ತಿರಲಿಲ್ಲ. ಸೀಟಿನಲ್ಲಿ ಪೂರ್ತಿ ಅಕ್ಕನ ಕಡೆಗೆ ತಿರುಗಿ ಕೂತಿದ್ದರು. ಅಕ್ಕ ಮಾತಾಡುತ್ತಿದ್ದಳು. ಸಮುದ್ರದ ಕಡೆ ಕೈ ಚಾಚಿ ತೋರಿಸುತ್ತ, ಗಾಳಿಗೆ ಹಾರುವ ಸೆರಗನ್ನೂ ಹಿಡಿಯದೆ ಮಾತಾಡುತ್ತಿದ್ದಳು.

"ಆ ವರ್ಷ ಕಡ್ಲ್ ಇಲ್ಲೇ ರಸ್ತಿ ತನ್ಕ ಬಂದಿತ್ತ್ ಕಾಣಿ. ಬಸ್ಸೆಲ್ಲ ನಿಂತ್ ಹೋಯ್ತ್. ನಿಮ್ಮಮ್ಮನಿಗ್ ಜ್ವರ, ಬೈಂದೂರಿಂದ ಮದ್ದ್ ತಕಂಡ್ ಬತ್ತಿದ್ದೆ. ನಾನ್ ಒಬ್ಳೇ. ಮಳಿ ಅಂದ್ರೆ ಮಳಿ..."

"ಮತ್ತೆ?" ಎಂದರು ಭಾವ.

"ಮತ್ತೆಂತ, ಸೀರಿ ಎತ್ತಿ ಕಟ್ಟಿ ನಡ್ಕಂಡೇ ಬಂದೆ. ಹೆದ್ರಿಕಿ ಆಯ್ತ್. ಯಾರಿಗೂ ಹೇಳ್ಲಿಲ್ಲೆ ನಾನ್."

ನನಗೂ ಹೇಳಿರಲಿಲ್ಲ. ಒಡಹುಟ್ಟಿದ ನನಗೂ! ನನ್ನನ್ನು ಮೊದಲು ಕಂಡವಳು ಅಕ್ಕನೇ. "ನೀ ಎಂತಕ್ ಬಂದದ್ ಮಾರಾಯ್ತಿ? ಮನಿಗ್ ಹೋಗ್. ನಾವ್ ಬತ್ತೊ."

"ಕಾರ್ ಕೆಟ್ಟಿತ್ತಲ್ಲ ಅಕ್ಕ!"

"ಕೆಟ್ರೆ ಕೆಟ್ಟಿತ್ತ್," ಎಂದಳು.

ಭಾವ ನನ್ನ ಕಡೆ ತಿರುಗಲೂ ಇಲ್ಲ. ಅವರ ಕಣ್ಣಿನಲ್ಲಿ ನೀರಿತ್ತು. "ಮತ್ತೆ?" ಎಂದು ಅವಳನ್ನೇ ಕೇಳಿದರು.

ನಾನು ಹಿಂದೆ ಬಂದೆ. ಆಟೋದವನು ಇಳಿದು ಅಂಗಿಯ ತೋಳು ಮಡಚಿ ನಿಂತಿದ್ದ. "ತಳ್ಳುಕಾ ಟೀಚರೆ?"

"ಬ್ಯಾಡ. ತಿರ್ಗ್ಸಿ," ಎಂದೆ. ಆಟೋ ಹತ್ತಿ ಕೂತು, ಆ ಇಂಜಿನ್ ಇನ್ನೂ ಸ್ವಲ್ಪ ಹೊತ್ತು ಹೊರಡದೆ ಇರಲಿ ದೇವರೇ ಎಂದು ಬೇಡಿಕೊಂಡೆ.